ಅಳಿವೆಯಲ್ಲಿ ಒಂದು ದಿನ: ತದಡಿಯ ಪಾತಿ ದೋಣಿ ಮತ್ತು ದೋಣಿಯವರ ಮನೆಯ ಊಟ

ಇಪ್ಪತ್ತಾರು ವರ್ಷ ಹೈಸ್ಕೂಲ್ ಮಕ್ಕಳಿಗೆ ಕಪ್ಪುಹಲಗೆಯ ಮೇಲೆ ಅಳಿವೆಯ ಚಿತ್ರ ಬರೆದು ತೋರಿಸಿದ್ದೇನೆ. ನೀಲಿ ಸೀಮೆಸುಣ್ಣದಲ್ಲಿ ಒಂದು ನದಿ, ಅದು ಬಾಯಿ ಅಗಲಿಸಿ ಸಮುದ್ರ ಸೇರುವ ಜಾಗ, ಎರಡೂ ದಡಕ್ಕೆ ಒಂದಿಷ್ಟು ಹಸಿರು ಗೀರು. ರಾಣೆಬೆನ್ನೂರಿನ ಮಕ್ಕಳು ಅದನ್ನು ನೋಡಿಕೊಂಡು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಅವರೂ ಅಳಿವೆ ಕಂಡವರಲ್ಲ, ನಾನೂ ಕಂಡವಳಲ್ಲ. ನಿವೃತ್ತಿಯಾಗಿ ಎಂಟು ತಿಂಗಳಾದ ಮೇಲೆ, ಒಂದು ಫೆಬ್ರುವರಿಯ ಬೆಳಗ್ಗೆ, ಉತ್ತರ ಕನ್ನಡದ ಅಘನಾಶಿನಿ ನದಿಯ ಅಳಿವೆಯಲ್ಲಿ ಎರಡೂವರೆ ಗಂಟೆ ಪಾತಿ ದೋಣಿಯಲ್ಲಿ ಕುಳಿತೆ. ಆ ದೋಣಿಯ ಬಗ್ಗೆ, ಅದಕ್ಕೆ ಮೊದಲು ಹತ್ತಿದ ಬಾರ್ಜ್ ಬಗ್ಗೆ, ಆಮೇಲೆ ಉಂಡ ಊಟದ ಬಗ್ಗೆ ಬರೆಯಬೇಕು ಎಂದು ಅಂದೇ ನಿರ್ಧರಿಸಿದ್ದೆ.

ನಾವು ನಾಲ್ವರು ಗೆಳತಿಯರು ಕಾಸರಗೋಡಿನಿಂದ ರತ್ನಾಗಿರಿಯವರೆಗೆ ಹದಿನಾರು ದಿನಗಳ ಪ್ರಯಾಣ ಹೊರಟಿದ್ದೆವು. ನನ್ನ ಜೊತೆಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು, ಬ್ಯಾಂಕಿನಲ್ಲಿದ್ದವಳು, ಈಗಲೂ ಹೊಲಿಗೆ ಕಲಿಸುತ್ತಿರುವವಳು. ಬಾಡಿಗೆ ಕಾರು ಬೇಡ, ಬಸ್ಸು ಮತ್ತು ಪ್ಯಾಸೆಂಜರ್ ರೈಲಿನಲ್ಲೇ ಹೋಗುವುದು ಎಂದು ಮೊದಲೇ ಮಾತಾಗಿತ್ತು. ಬೇಕಲ ಕೋಟೆ, ಉಡುಪಿ, ಮರವಂತೆ, ಮುರ್ಡೇಶ್ವರ ಮುಗಿಸಿ ಎಂಟನೆಯ ದಿನ ಸಂಜೆ ಕುಮಟಾ ನಿಲ್ದಾಣದಲ್ಲಿ ಇಳಿದಾಗ ನಾಲ್ವರ ಕಾಲೂ ಬಾತಿದ್ದವು. ಹೊನ್ನಾವರಕ್ಕೆ ಮೊದಲು ಶರಾವತಿಯ ಮೇಲೆ ಎರಡು ಕಿಲೋಮೀಟರಿಗೂ ಉದ್ದದ ರೈಲು ಸೇತುವೆ ಬರುತ್ತದೆ, ಕೊಂಕಣ ರೈಲು ಮಾರ್ಗದಲ್ಲಿ ಅದೇ ಅತಿ ಉದ್ದದ್ದು. ಅದರ ಮೇಲೆ ಹೋಗುವಾಗಲೂ ಹೊಲಿಗೆಯವಳು ಕಣ್ಣು ಬಿಡಲಿಲ್ಲ, ಅಷ್ಟು ದಣಿದಿದ್ದಳು. ನಾಳೆ ಏನನ್ನೂ ನೋಡುವುದು ಬೇಡ, ಎಲ್ಲಾದರೂ ನೀರಿನ ಬದಿ ಸುಮ್ಮನೆ ಕುಳಿತುಕೊಳ್ಳೋಣ ಎಂದು ರಾತ್ರಿ ಊಟದ ಹೊತ್ತಿಗೆ ಎಲ್ಲರೂ ಒಪ್ಪಿದೆವು.

ನಾವು ಇಳಿದುಕೊಂಡ ಲಾಡ್ಜಿನ ಕೆಳಗೆ ಒಬ್ಬರು ಪ್ರವಾಸದ ವ್ಯವಸ್ಥೆ ಮಾಡುತ್ತಾರೆ. ಒಂದೇ ದಿನದಲ್ಲಿ ಏಳು ಜಾಗ, ಕಾರು ಸೇರಿ 4,500 ರೂಪಾಯಿ ಎಂದರು. ಪಟ್ಟಿಯಲ್ಲಿ ಕೋಟೆ, ಗುಹೆ, ನಾಲ್ಕು ಕಡಲತೀರ, ದೇವಸ್ಥಾನ. ಪ್ರತಿ ಜಾಗದಲ್ಲಿ ಎಷ್ಟು ಹೊತ್ತು ಎಂದು ಕೇಳಿದೆ. ಇಪ್ಪತ್ತು ನಿಮಿಷ ಎಂದರು. ಒಂದೇ ಕಡೆ ಹೋಗಿ ಸಂಜೆಗೆ ಬರುತ್ತೇವೆ ಎಂದಾಗ ಅವರ ಮುಖ ಸಣ್ಣದಾಯಿತು, ಬೇಸರದಲ್ಲೇ ನಮ್ಮನ್ನು ಕಳುಹಿಸಿದರು. ಹೀಗೆ ದಿನವನ್ನು ಇಪ್ಪತ್ತು ನಿಮಿಷದ ತುಂಡು ಮಾಡಿ ಮಾರುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ವಯಸ್ಸಿನವರಿಗಂತೂ ಅದು ಶಿಕ್ಷೆ.

ಬೆಳಗ್ಗೆ ಕುಮಟಾದಿಂದ ಅಘನಾಶಿನಿ ಊರಿಗೆ ಬಸ್ಸು ಹಿಡಿದೆವು. ನದಿಯ ಹೆಸರೇ ಊರಿಗೂ ಇದೆ, ಬಸ್ಸಿನ ಬೋರ್ಡಿನಲ್ಲೂ ಅದೇ. ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ನಾಲ್ಕು ಹರಿದುಕೊಟ್ಟ ಕಂಡಕ್ಟರ್, ಬಾರ್ಜಿಗೆ ಹೋಗುವುದಾದರೆ ಕೊನೆಯಲ್ಲಿ ಇಳಿಯಿರಿ ಎಂದು ತಾವಾಗಿಯೇ ಹೇಳಿದರು. ದಾರಿಯುದ್ದಕ್ಕೂ ತೆಂಗು, ಗೇರು, ಕೆಂಪು ಕಲ್ಲಿನ ಕಾಂಪೌಂಡು. ಒಂದೆರಡು ಕಡೆ ತೆಂಗಿನ ಸಾಲು ಸರಿದು ಸಮುದ್ರ ಕಾಣಿಸಿ ಮತ್ತೆ ಮರೆಯಾಯಿತು.

ಬಾರ್ಜ್ ಎಂದರೆ ಕಬ್ಬಿಣದ ದೊಡ್ಡ ತೇಲುವ ಜಗುಲಿ. ದಕ್ಷಿಣ ದಡದ ಅಘನಾಶಿನಿಯಿಂದ ಉತ್ತರ ದಡದ ತದಡಿಗೆ ಹೋಗಿಬರುತ್ತದೆ. ಇದಿಲ್ಲದಿದ್ದರೆ ಮಿರ್ಜಾನ್ ಕಡೆಯಿಂದ ಹೆದ್ದಾರಿ ಹಿಡಿದು ಸುತ್ತಿ ಬರಬೇಕು. ಎದುರಿನ ಅಗಲ ಹಲಗೆ ದಡಕ್ಕೆ ತಾಗುತ್ತಲೇ ಸ್ಕೂಟರುಗಳು ಇಳಿದವು, ಹಿಂದೆಯೇ ಮಂಜುಗಡ್ಡೆಯ ಪೆಟ್ಟಿಗೆ ಹೊತ್ತ ಒಂದು ಸಣ್ಣ ಟೆಂಪೊ, ಆಮೇಲೆ ಸಮವಸ್ತ್ರದ ಮಕ್ಕಳು. ನಾವು ಹತ್ತಿ ಕಂಬಿಗೆ ಒರಗಿ ನಿಂತೆವು. ಎಡಕ್ಕೆ ಸಮುದ್ರ, ಅಲ್ಲಿ ನದಿಯ ಬಾಯಿಗೆ ಅಡ್ಡವಾಗಿ ಬಿಳಿ ನೊರೆಯ ಗೆರೆ. ಬಲಕ್ಕೆ ನದಿ ಒಳನಾಡಿಗೆ ಅಗಲವಾಗಿ ಹೋಗಿ ಘಟ್ಟದ ನೀಲಿಯಲ್ಲಿ ಕರಗುತ್ತದೆ. ಒಂದೇ ಕಡೆ ನಿಂತು ಕತ್ತು ತಿರುಗಿಸಿದರೆ ಕಪ್ಪುಹಲಗೆಯ ಇಡೀ ಚಿತ್ರ! ಮಾತು ಬರಲಿಲ್ಲ. ನರ್ಸ್ ಗೆಳತಿ ನನ್ನ ನಾಡಿ ಹಿಡಿದು ನೋಡಿದಳು.

ದಾಟುವುದಕ್ಕೆ ಹತ್ತು ನಿಮಿಷ. ತಲೆಗೆ ಕೊಟ್ಟದ್ದು ಒಂದು ಚಹದ ದುಡ್ಡು. ನೆರಳು ನಂಬಿಕೊಂಡು ಹೋಗಬೇಡಿ, ಟೋಪಿಯೋ ಕೊಡೆಯೋ ಕೈಯಲ್ಲಿರಲಿ. ವಾಪಸು ಬರುವ ಕೊನೆಯ ಬಾರ್ಜ್ ಎಷ್ಟು ಹೊತ್ತಿಗೆ ಎಂದು ಇಳಿಯುವಾಗಲೇ ಕೇಳಿಟ್ಟುಕೊಳ್ಳಿ.

ದೋಣಿ ಸಿಕ್ಕಿದ್ದೂ ಬಾರ್ಜಿನ ಮೇಲೆಯೇ. ಮೀನಿನ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಹೆಂಗಸೊಬ್ಬರು ಯಾವ ಊರು, ಎಲ್ಲಿಗೆ ಎಂದು ವಿಚಾರಿಸಿದರು. ಹೇಳಿದೆವು. “ನನ್ನ ತಮ್ಮನ ಹತ್ತಿರ ಪಾತಿ ಇದೆ, ಅಕ್ಕ. ಅವನ ಹೆಂಡತಿ ಊಟವನ್ನೂ ಮಾಡಿಕೊಡುತ್ತಾಳೆ. ಆದರೆ ಹತ್ತು ಗಂಟೆಯೊಳಗೆ ಹೇಳಬೇಕು” ಎಂದರು. ಆಗ ಒಂಬತ್ತೂ ಇಪ್ಪತ್ತು. ಇಳಿದ ಕೂಡಲೇ ನಮ್ಮನ್ನು ತದಡಿ ಬಂದರಿನ ಪಕ್ಕದ ಓಣಿಯಲ್ಲಿ ಕರೆದುಕೊಂಡು ಹೋದರು. ಒಂದು ಕಡೆ ಬಲೆ ಹೊಲಿಯುವವರು, ಇನ್ನೊಂದು ಕಡೆ ಒಣಗಲು ಹಾಕಿದ ಸಣ್ಣ ಮೀನು. ಹೊಲಿಗೆಯ ಗೆಳತಿ ಬಲೆಯ ಗಂಟು ಹಾಕುವುದನ್ನು ನೋಡುತ್ತ ನಿಂತುಬಿಟ್ಟಳು, ಅವಳನ್ನು ಎಳೆದುಕೊಂಡು ಹೋಗಬೇಕಾಯಿತು.

ಎರಡೂವರೆ ಗಂಟೆಗೆ ನಾಲ್ವರಿಗೆ ಸೇರಿ 1,200 ರೂಪಾಯಿ ಎಂದು ಮಾತಾಯಿತು. ಚೌಕಾಸಿ ಮಾಡಲಿಲ್ಲ. ಡೀಸೆಲ್ ಕಡಿಮೆ, ಕೈಯಿಂದ ಗಳ ಹಾಕುವುದೇ ಹೆಚ್ಚು ಎಂದು ಆಮೇಲೆ ಗೊತ್ತಾಯಿತು. ಹಣಕ್ಕೆ ಮೋಸವಿಲ್ಲ.

ಒಂದು ದೂರು ಇದೆ, ಅದನ್ನು ಮುಚ್ಚಿಡುವುದಿಲ್ಲ. ದೋಣಿ ಹತ್ತುವಾಗ ಜೀವರಕ್ಷಕ ಜಾಕೆಟ್ ಇದ್ದದ್ದು ಮೂರು. “ಈಗ ಇಳಿತ ನಡೆದಿದೆ, ಸೊಂಟದಷ್ಟು ನೀರಿನಲ್ಲೇ ಹೋಗುತ್ತೇವೆ ಅಮ್ಮ, ಹೆದರಬೇಡಿ” ಎಂದರು ದೋಣಿಯವರು. ನಮ್ಮ ನರ್ಸ್ ಮೂವತ್ತು ವರ್ಷ ತುರ್ತು ಚಿಕಿತ್ಸಾ ವಿಭಾಗ ಕಂಡವಳು. ದಡದಲ್ಲೇ ನಿಂತಳು. “ತಮ್ಮಾ, ನಾಲ್ಕನೆಯದು ಬರುವ ತನಕ ಯಾರೂ ಹತ್ತುವುದಿಲ್ಲ” ಎಂದಳು. ಅವರು ಸಿಟ್ಟಾಗಲಿಲ್ಲ. ಮಗನನ್ನು ಓಡಿಸಿದರು, ಹುಡುಗ ಇಪ್ಪತ್ತು ನಿಮಿಷದಲ್ಲಿ ಪಕ್ಕದ ದೋಣಿಯಿಂದ ಇನ್ನೊಂದು ತಂದ. ಅದರ ಒಂದು ಪಟ್ಟಿ ಕಿತ್ತಿತ್ತು. ಹೊಲಿಗೆಯವಳು ಸೆರಗಿನ ಪಿನ್ ತೆಗೆಯಲು ಹೋದಾಗ ನರ್ಸ್ ಬಿಡದೆ ಹಗ್ಗದಿಂದ ಭದ್ರವಾಗಿ ಕಟ್ಟಿಸಿದಳು. ನೀವೂ ಹೋದರೆ ಮೊದಲು ಜಾಕೆಟ್ ಎಣಿಸಿ, ಆಮೇಲೆ ಹತ್ತಿ. ಎಷ್ಟೇ ಒಳ್ಳೆಯ ದೋಣಿಯವರಾದರೂ ಈ ವಿಷಯದಲ್ಲಿ ದಾಕ್ಷಿಣ್ಯ ಬೇಡ.

ಪಾತಿ ಕಿರಿದು, ಉದ್ದ. ಅಡ್ಡ ಹಲಗೆಗಳ ಮೇಲೆ ಒಬ್ಬರ ಹಿಂದೆ ಒಬ್ಬರು ಕುಳಿತೆವು. ಹಿಂಬದಿಗೆ ಸಣ್ಣ ಯಂತ್ರ. ಸ್ವಲ್ಪ ದೂರ ಹೋದ ಮೇಲೆ ಅದನ್ನು ನಿಲ್ಲಿಸಿ ಬಿದಿರಿನ ಗಳ ತೆಗೆದುಕೊಂಡರು. ಶಬ್ದ ನಿಂತದ್ದೇ ತಡ, ನೀರಿನ ಮೇಲೆ ಎಷ್ಟೊಂದು ಜನರಿದ್ದಾರೆ ಎಂಬುದು ಕಿವಿಗೆ ಬಿತ್ತು. ನದಿಯ ನಡುವೆಯೇ ಜನ ಎದೆಮಟ್ಟದ ನೀರಿನಲ್ಲಿ ನಿಂತಿದ್ದಾರೆ. ಪಕ್ಕದಲ್ಲಿ ಕಟ್ಟಿಕೊಂಡ ಪಾತ್ರೆ ತೇಲುತ್ತಿರುತ್ತದೆ, ಒಬ್ಬರು ಮುಳುಗುತ್ತಾರೆ, ಏಳುತ್ತಾರೆ, ಕೈಯಲ್ಲಿದ್ದುದನ್ನು ಪಾತ್ರೆಗೆ ಹಾಕುತ್ತಾರೆ, ಮತ್ತೆ ಮುಳುಗುತ್ತಾರೆ. ಬಳಚು, ಅಂದರೆ ಚಿಪ್ಪುಮೀನು, ತೆಗೆಯುವವರು. ಹೆಂಗಸರೇ ಬಹಳ. ಇಬ್ಬರು ಮಾತನಾಡುತ್ತಿದ್ದರು, ಒಬ್ಬಳು ಮುಳುಗಿ ಎದ್ದ ಮೇಲೆ ಮಾತು ಬಿಟ್ಟಲ್ಲಿಂದ ಮುಂದುವರಿಯುತ್ತಿತ್ತು.

ದೋಣಿಯವರು ಒಂದು ಬಳಚನ್ನು ನನ್ನ ಅಂಗೈಯಲ್ಲಿ ಇಟ್ಟರು. ದೊಡ್ಡ ಹುಣಸೆ ಬೀಜಕ್ಕಿಂತ ಸ್ವಲ್ಪ ಹಿರಿದು, ಕಂದು ಬಣ್ಣ, ಚಿಪ್ಪಿನ ಮೇಲೆ ಒಂದರ ಹೊರಗೆ ಒಂದು ತೆಳ್ಳನೆಯ ವೃತ್ತ. ಬಿಗಿಯಾಗಿ ಮುಚ್ಚಿತ್ತು. ಬೊಗಸೆಯ ನೀರಿನಲ್ಲಿ ಹಿಡಿದುಕೊಂಡು ಕುಳಿತೆ. ಬಹಳ ಹೊತ್ತಿನ ಮೇಲೆ ಒಂದು ಕೂದಲೆಳೆಯಷ್ಟು ಬಾಯಿ ತೆರೆಯಿತು, ಒಳಗಿನಿಂದ ಬಿಳಿಯ ನಾಲಿಗೆಯಂಥದ್ದು ಇಣುಕಿ ನನ್ನ ಬೆರಳು ಮುಟ್ಟಿ ಸರಕ್ಕನೆ ಒಳಗೆ ಹೋಯಿತು. ಅದು ಅದರ ಪಾದ, ಅದರಿಂದಲೇ ಕೆಸರಿನಲ್ಲಿ ಹೂತುಕೊಳ್ಳುತ್ತದೆ. ಪಾಠದಲ್ಲಿ ಮೃದ್ವಂಗಿ ಎಂಬ ಒಂದೇ ಪದದಲ್ಲಿ ಮುಗಿಸಿಬಿಡುತ್ತಿದ್ದೆವು.

ಸಿಹಿನೀರೂ ಉಪ್ಪುನೀರೂ ಬೆರೆಯುವ ಕಡೆಯಲ್ಲೇ ಬಳಚು ಹೀಗೆ ಹುಲುಸಾಗಿ ಬೆಳೆಯುವುದು. ಅಘನಾಶಿನಿಗೆ ಘಟ್ಟದಿಂದ ಕಡಲಿನ ತನಕ ಎಲ್ಲೂ ಅಣೆಕಟ್ಟು ಇಲ್ಲ. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ತಡೆಯಿಲ್ಲದೆ ಇಲ್ಲಿಗೆ ಬರುತ್ತದೆ. ಮೇಲಿನ ಮಣ್ಣು, ಮಳೆಯ ಸಿಹಿನೀರು ಎಲ್ಲವೂ ತಮ್ಮ ಕಾಲಕ್ಕೆ ಸರಿಯಾಗಿ ತಲುಪುತ್ತವೆ. ಒಂದು ಕಾಲದಲ್ಲಿ ಈ ತದಡಿಯಲ್ಲೇ 4,000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರುವುದಿತ್ತು. ಇಲ್ಲಿನ ಜನ ವಿರೋಧಿಸಿದರು, ಯೋಜನೆಯನ್ನು ಕೈಬಿಡಲಾಯಿತು. 2024ರ ಜನವರಿಯಲ್ಲಿ ಈ ಅಳಿವೆಯ 4,801 ಹೆಕ್ಟೇರ್ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ಪತ್ರಿಕೆಯಲ್ಲಿ ಅದನ್ನು ಓದಿ ಕತ್ತರಿಸಿ ಇಟ್ಟುಕೊಂಡವಳು ನಾನು. ಅಂದು ಅದು ಒಂದು ಸಂಖ್ಯೆಯಾಗಿತ್ತು. ಈಗ ಅದೇ ನೀರಿನಲ್ಲಿ ನಿಂತ ಆ ಇಬ್ಬರು ಹೆಂಗಸರ ಮಾತು ಕೇಳಿಸುತ್ತಿತ್ತು.

ಸಮುದ್ರದ ಬಾಯಿಯ ಹತ್ತಿರ ಹೋಗೋಣ ಎಂದು ಬ್ಯಾಂಕಿನ ಗೆಳತಿ ಕೇಳಿದಳು. ಬೇಕಾದರೆ ಇನ್ನೂ 300 ಕೊಡುತ್ತೇವೆ ಎಂದಳು. ದೋಣಿಯವರು ಒಪ್ಪಲಿಲ್ಲ. “ಇಳಿತದ ಹೊತ್ತಿನಲ್ಲಿ ಅಳಿವೆ ಬಾಗಿಲಿಗೆ ಹೋಗಬಾರದು. ನೀರು ಹೊರಗೆ ಎಳೆಯುತ್ತದೆ, ಕಡಲಿನ ತೆರೆ ಒಳಗೆ ನೂಕುತ್ತದೆ. ಎರಡರ ನಡುವೆ ಪಾತಿ ನಿಲ್ಲುವುದಿಲ್ಲ.” ನಾನು ಸೆಟೆದು ಕುಳಿತೆ. ಅಳಿವೆ ಬಾಗಿಲು! ಅಳಿವೆ ಎಂಬುದು ಪಠ್ಯಪುಸ್ತಕದವರು ಹುಡುಕಿ ಇಟ್ಟ ಪದ ಎಂದೇ ಇಷ್ಟು ವರ್ಷ ತಿಳಿದಿದ್ದೆ. ಅದು ಇವರ ದಿನದ ಮಾತು, ಜೀವದ ಮೇಲಿನ ಎಚ್ಚರಿಕೆಯ ಮಾತು. ದುಡ್ಡು ಬರುವ ಕಡೆ ಬೇಡ ಎಂದ ಆ ಮನುಷ್ಯನಿಗೆ, ಜಾಕೆಟಿನ ದೂರಿನ ನಂತರವೂ, ನನ್ನ ಪೂರ್ಣ ಅಂಕ ಇದೆ.

ಬಾಯಿಯ ಬದಲು ಕಾಂಡ್ಲದ, ಅಂದರೆ ಮ್ಯಾಂಗ್ರೋವ್ ಗಿಡಗಳ, ಒಳಗೆ ಕರೆದುಕೊಂಡು ಹೋದರು. ಎರಡು ಕಡೆಯ ಗಿಡ ಮೇಲೆ ಕೂಡಿಕೊಂಡು ನೀರಿನ ಓಣಿಯಾಗಿತ್ತು. ಬೇರುಗಳು ಕಾಂಡದಿಂದ ಕಮಾನಿನಂತೆ ಇಳಿದು ಕೆಸರು ಹಿಡಿದಿವೆ. ಇಳಿತವಾದ್ದರಿಂದ ಪೂರ್ತಿ ಕಾಣುತ್ತಿದ್ದವು, ನೀರು ಎಲ್ಲಿಯವರೆಗೆ ಬರುತ್ತದೆ ಎಂಬ ಗುರುತಿನ ಗೆರೆ ನನ್ನ ತಲೆಗಿಂತ ಮೇಲಿತ್ತು. ಕೊಂಬೆಯಲ್ಲಿ ಕಾಯಿ ಜೋತಾಡುತ್ತಿತ್ತು, ಅದರ ತುದಿಯಿಂದ ನುಗ್ಗೆಕಾಯಿಯಂಥ ಹಸಿರು ಮೊಳಕೆ ಕೆಳಗೆ ಇಳಿದಿತ್ತು. ಬೀಜ ಮರದಲ್ಲಿರುವಾಗಲೇ ಮೊಳೆಯುತ್ತದೆ, ಬೆಳೆದ ಮೇಲೆ ಕಳಚಿ ಕೆಸರಿಗೆ ಬೀಳುತ್ತದೆ ಅಥವಾ ತೇಲಿಕೊಂಡು ಹೋಗಿ ಬೇರೆಲ್ಲೋ ಬೇರೂರುತ್ತದೆ. ಇನ್ನೊಂದು ಜಾತಿಯ ಎಲೆಯನ್ನು ನೆಕ್ಕಿ ನೋಡಿ ಎಂದರು ದೋಣಿಯವರು. ನೆಕ್ಕಿದೆ. ಉಪ್ಪು. ಹೀರಿಕೊಂಡ ಉಪ್ಪನ್ನು ಗಿಡ ಎಲೆಯ ಮೂಲಕ ಹೊರಗೆ ಹಾಕುತ್ತದೆ, ಬಿಸಿಲಿಗೆ ಅದು ಸಣ್ಣ ಹರಳಾಗಿ ನಿಲ್ಲುತ್ತದೆ. ನಾಲ್ವರೂ ಒಂದೊಂದು ಎಲೆ ನೆಕ್ಕಿದೆವು. ಹತ್ತು ನಿಮಿಷ ಯಾರೂ ಫೋಟೊ ತೆಗೆಯಲಿಲ್ಲ. ಮೇಲೆ ಗರುಡ ಸುತ್ತುತ್ತಿತ್ತು, ಕೆಸರಿನ ಮೇಲೆ ಸಣ್ಣ ಏಡಿಗಳು ನಮ್ಮ ನೆರಳು ಬಿದ್ದಲ್ಲೆಲ್ಲ ಬಿಲ ಸೇರುತ್ತಿದ್ದವು.

ಇಲ್ಲಿಗೆ ಯಾವ ಹೊತ್ತಿಗೆ ಬರಬೇಕು ಎಂಬುದು ಗಡಿಯಾರದ ಮೇಲೆ ನಿಂತಿಲ್ಲ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಮತ್ತು ಪ್ರತಿ ದಿನ ಸುಮಾರು ಐವತ್ತು ನಿಮಿಷ ತಡ. ಬಳಚು ತೆಗೆಯುವುದನ್ನು, ಕಾಂಡ್ಲದ ಬೇರನ್ನು ನೋಡಬೇಕಾದರೆ ಇಳಿತ ಬೇಕು. ಹಿಂದಿನ ದಿನವೇ ಯಾರನ್ನಾದರೂ ಕೇಳಿಕೊಂಡು ಹೊರಡಿ. ನಮಗೆ ಇಳಿತ ಸಿಕ್ಕಿದ್ದು ಅದೃಷ್ಟ.

ಊಟಕ್ಕೆ ಬಂದಾಗ ಒಂದು ಗಂಟೆ. ಮನೆಯ ಹಿಂದಿನ ಚಪ್ಪರದ ಕೆಳಗೆ ಎರಡು ಮೇಜು, ಪ್ಲಾಸ್ಟಿಕ್ ಕುರ್ಚಿ. ಬೋರ್ಡು ಇಲ್ಲ, ಆದ್ದರಿಂದ ಹೆಸರು ಬರೆಯುವುದಕ್ಕೂ ಇಲ್ಲ. ಕುಚ್ಚಲಕ್ಕಿ ಅನ್ನ, ಬಂಗಡೆಯ ಸಾರು, ರವೆ ಹಚ್ಚಿ ಕಾವಲಿಯಲ್ಲಿ ಹುರಿದ ನೊಗಲಿ ಮೀನು, ಬಳಚಿನ ಸುಕ್ಕಾ, ಮುರುಗಲ ಸೊಳೆ ನೆನೆಸಿ ತೆಂಗಿನ ಹಾಲು ಬೆರೆಸಿದ ತಿಳಿಗುಲಾಬಿ ಬಣ್ಣದ ಕಡಿ. ಮೀನಿನ ಊಟ 180, ಸುಕ್ಕಾ ಬೇರೆ 120.

ಬಂಗಡೆಯ ಸಾರಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಮೊದಲ ತುತ್ತಿಗೆ ತೆಂಗಿನಕಾಯಿ, ಕೆಂಪು ಮೆಣಸು ಗೊತ್ತಾಯಿತು. ಎರಡನೆಯ ತುತ್ತಿಗೆ ನಾಲಿಗೆಯ ತುದಿ ಸಣ್ಣಗೆ ಜುಮ್ಮೆಂದಿತು, ಖಾರವಲ್ಲ, ನಿಂಬೆ ಸಿಪ್ಪೆಯ ಪರಿಮಳದ ಒಂದು ನಡುಕ. ಇದೇನು ಎಂದು ಕೇಳಿದೆ. ಮನೆಯಾಕೆ ಒಳಗೆ ಹೋಗಿ ಒಣಗಿದ ಕಾಳು ತಂದು ತೋರಿಸಿದರು, ಕಾಳುಮೆಣಸಿಗಿಂತ ದೊಡ್ಡದು, ಬಾಯಿ ಬಿರಿದು ಒಳಗೆ ಖಾಲಿ. ಜುಮ್ಮನಕಾಯಿ. ಕೊಂಕಣಿಯವರು ತೆಪ್ಪಲ ಎನ್ನುತ್ತಾರೆ. ಬಂಗಡೆಗೆ ಇದು ಬೇಕೇ ಬೇಕು, ಅರೆಯಬಾರದು, ಜಜ್ಜಿ ಹಾಕಬೇಕು ಎಂದರು. ಸಾರು ಮೂರು ಸಲ ಹಾಕಿಸಿಕೊಂಡೆ. ಬಳಚಿನ ಸುಕ್ಕಾದಲ್ಲಿ ಒಂದೆರಡು ಕಡೆ ಮರಳು ಹಲ್ಲಿಗೆ ಸಿಕ್ಕಿತು, ಇನ್ನೊಂದು ನೀರು ತೊಳೆಯಬೇಕಿತ್ತು. ನೊಗಲಿ ಮಾತ್ರ ಅಚ್ಚುಕಟ್ಟು, ಮುಳ್ಳು ಒಂದೇ ಎಳೆಯಾಗಿ ಬಿಟ್ಟುಬಂತು.

ಬ್ಯಾಂಕಿನ ಗೆಳತಿ ಮೀನು ತಿನ್ನುವುದಿಲ್ಲ. ಅವಳಿಗೆ ತೊಗರಿಬೇಳೆ ಸಾರು, ಉಪ್ಪಿನಕಾಯಿ, ಮಜ್ಜಿಗೆ. “ಬೇರೆ ಪಾತ್ರೆಯಲ್ಲೇ ಮಾಡಿದ್ದೇನೆ ಅಕ್ಕ, ಸೌಟೂ ಬೇರೆ” ಎಂದು ಮನೆಯಾಕೆ ಕೇಳುವ ಮೊದಲೇ ಹೇಳಿದರು. ಆ ಕಾಳಜಿ ದೊಡ್ಡದು. ಊಟ ಮಾತ್ರ ಸಪ್ಪೆ. ಒಂದು ಪಲ್ಯವಾದರೂ ಇರಬೇಕಿತ್ತು. ಸಸ್ಯಾಹಾರಿಗಳು ಹೋಗುವುದಾದರೆ ಬೆಳಗ್ಗೆಯೇ ಏನು ಬೇಕು ಎಂದು ಬಿಡಿಸಿ ಹೇಳಿ. ಅವಳಿಂದ 80 ರೂಪಾಯಿ ಮಾತ್ರ ತೆಗೆದುಕೊಂಡರು. ಕೈತೊಳೆಯುವ ಜಾಗ ಸ್ವಚ್ಛವಾಗಿತ್ತು, ಶೌಚಾಲಯವೂ. ಹೆಂಗಸರು ಪ್ರವಾಸ ಹೋದಾಗ ಇದು ಎಷ್ಟು ಮುಖ್ಯ ಎಂದು ಹೆಂಗಸರಿಗೆ ಹೇಳಬೇಕಾಗಿಲ್ಲ.

ಊಟದ ನಂತರ ಚಪ್ಪರದಲ್ಲೇ ಚಾಪೆ ಹಾಕಿಕೊಟ್ಟರು. ಮೂವರು ಮಲಗಿದೆವು. ಹೊಲಿಗೆಯವಳು ಬಲೆ ಹೊಲಿಯುತ್ತಿದ್ದ ಅಜ್ಜನ ಬಳಿ ಹೋಗಿ ಕುಳಿತು ಗಂಟು ಕಲಿತು ಬಂದಳು. ನಾಲ್ಕು ಗಂಟೆಗೆ ಆಟೋದಲ್ಲಿ ಸಾಣಿಕಟ್ಟಾದ ಉಪ್ಪಿನ ಆಗರಕ್ಕೆ ಹೋಗಿ ಬಂದೆವು. ಬಿಸಿಲು ಇನ್ನೂ ಇತ್ತು, ಹೆಚ್ಚು ಹೊತ್ತು ನಿಲ್ಲಲಿಲ್ಲ. ದಪ್ಪ ಹರಳಿನ ಉಪ್ಪು ತಲಾ ಎರಡು ಕಿಲೋ ಕೊಂಡೆವು, ಮಾವಿನಕಾಯಿ ಉಪ್ಪಿನಕಾಯಿಗೆ.

ವಾಪಸು ಬಾರ್ಜ್ ಏರಿದಾಗ ಉಬ್ಬರ ಏರುತ್ತಿತ್ತು. ಬೆಳಗ್ಗೆ ಹೆಂಗಸರು ನಿಂತಿದ್ದ ಜಾಗದಲ್ಲಿ ಒಂದೇ ಸಮನೆ ನೀರು. ಅಲ್ಲಿ ಯಾರಾದರೂ ನಿಂತಿದ್ದರು ಎಂದು ಹೊಸಬರಿಗೆ ಹೇಳಿದರೆ ನಂಬಲಾರರು. ಸ್ಕೂಟರಿನ ಮೇಲೆ ಕುಳಿತ ಒಬ್ಬ ಹುಡುಗ ಮೊಬೈಲ್ ನೋಡುತ್ತಿದ್ದ. ದಿನವೂ ದಾಟುವವನಿರಬೇಕು.

ಬಸ್ಸಿಗೆ ಸೊನ್ನೆ, ಬಾರ್ಜಿಗೆ ಚಿಲ್ಲರೆ, ದೋಣಿ 1,200, ಊಟ ಎಲ್ಲ ಸೇರಿ 860, ಆಟೋ, ಉಪ್ಪು. ಲೆಕ್ಕ ಬರೆದದ್ದು ಬ್ಯಾಂಕಿನವಳು, ತಪ್ಪಿರುವುದಿಲ್ಲ. ಆ ಏಳು ಜಾಗದ ಕಾರಿಗೆ ಕೇಳಿದ್ದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚಾಯಿತು ಅಷ್ಟೆ, ಅದೂ ಊಟ ಸೇರಿ.

ಮಳೆಗಾಲದಲ್ಲಿ ಪಾತಿಯಲ್ಲಿ ಕರೆದುಕೊಂಡು ಹೋಗುವುದಿಲ್ಲ, ದಸರೆ ಕಳೆದ ಮೇಲೆ ಬನ್ನಿ ಎಂದು ದೋಣಿಯವರು ಹೇಳಿದ್ದಾರೆ. ನಮ್ಮ ಶಾಲೆಯ ಹಿಂದಿನ ಮುಖ್ಯೋಪಾಧ್ಯಾಯಿನಿಗೆ ಕಾಂಡ್ಲದ ಮೊಳಕೆಯ ಫೋಟೊ ಕಳುಹಿಸಿದ್ದೆ, ಅವರೂ ಬರುತ್ತಾರಂತೆ. ಕಳೆದ ವಾರ ನರ್ಸ್ ತದಡಿಗೆ ಫೋನ್ ಮಾಡಿ ನವೆಂಬರಿಗೆ ದೋಣಿ ಗೊತ್ತುಮಾಡಿದಳು. ಜಾಕೆಟ್ ಐದು ಬೇಕು, ಐದಕ್ಕೂ ಪಟ್ಟಿ ಗಟ್ಟಿಯಿರಬೇಕು ಎಂದು ಎರಡು ಸಲ ಹೇಳಿ ಇಟ್ಟಳು.